‘ಕನ್ನೆ’ಗೆ ಐವತ್ತು ಪದ

ಮಾರ್ಚ್ 3, ಮಂಗಳವಾರ
ಆರು ಲೇಬಲ್ ಮುಗಿದವು. ಚಿತ್ರಶಾಲೆಯ ಗೋಡೆಗೆ ಅಂಟಿಸುವಂಥವು. ಒಂದೊಂದಕ್ಕೂ ಐವತ್ತೇ ಪದ. ಏಳನೆಯ ಚಿತ್ರ ‘ಕನ್ನೆ’. ಬಂಡೆಯ ಮೇಲೆ ಕೂತ ಹುಡುಗಿ, ತೊಡೆಯ ಮೇಲೆ ಹೂಜಿ, ನೋಟ ಎಲ್ಲೋ ದೂರ. ಆ ಪದ ಈಗ ಯಾರ ಬಾಯಲ್ಲೂ ಇಲ್ಲ. ನಿರ್ದೇಶಕರು, “ಅರ್ಥ ಬಿಡಿಸಿ ಬರೀರಿ, ಮಕ್ಕಳೂ ಬರ್ತಾರೆ” ಎಂದರು.

ಬರೆದೆ: ಕನ್ನೆ ಎಂದರೆ ಮದುವೆಯಾಗದ ಎಳೆ ಹುಡುಗಿ. ಹಳೆಯ ಕಾವ್ಯದಲ್ಲಿ ಕಾಯುತ್ತಾಳೆ, ಶಿಲ್ಪದಲ್ಲಿ ಕನ್ನಡಿ ನೋಡಿಕೊಳ್ಳುತ್ತಾಳೆ, ಹಾಡಿನಲ್ಲಿ ನಾಚುತ್ತಾಳೆ. ಎಲ್ಲೂ ಆಕಳಿಸುವುದಿಲ್ಲ... ಕೊನೆಯ ಸಾಲು ಹೊಡೆದುಹಾಕಿದೆ.

ಮಾರ್ಚ್ 4
ಬರೆದದ್ದನ್ನೆಲ್ಲ ಚಿಕ್ಕಮ್ಮನಿಗೆ ಓದಿ ಹೇಳುವುದು ನನ್ನ ಪದ್ಧತಿ. ಅವಳಿಗೆ ತಿಳಿಯದಿದ್ದರೆ ತಿದ್ದುತ್ತೇನೆ. ಎಪ್ಪತ್ತೊಂದು ವರ್ಷ. ಸೊಂಟ ಬಿದ್ದುಹೋಗಿದೆ, ನಾಲಿಗೆ ಮಾತ್ರ ಗಟ್ಟಿ. ಫೋನಿನಲ್ಲಿ ಚಿತ್ರ ತೋರಿಸಿ ಓದಿದೆ.

“ಎಲ್ಲಾ ಅರ್ಥ ಆಯ್ತು ಕಣೇ. ಆದ್ರೆ ಇದ್ರಲ್ಲಿ ನಾನೆಲ್ಲಿ?”

ನಗು ಬಂತು. ಅವಳು ನಗಲಿಲ್ಲ.

“ಈ ಚಿತ್ರಕ್ಕೆ ಹನ್ನೊಂದು ತಿಂಗಳು ಕೂತಿದ್ದೀನಿ. ಬಂಡೆಯೂ ಇಲ್ಲ, ಗಿಂಡೆಯೂ ಇಲ್ಲ. ಸ್ಟೂಲು. ಒಂದು ಕಾಲು ಗಿಡ್ಡ ಅಂತ ಪೇಪರ್ ಮಡಚಿ ಇಟ್ಟಿದ್ರು. ಜೋಮು ಹಿಡಿದ್ರೂ ಅಲ್ಲಾಡೋ ಹಾಗಿರ್ಲಿಲ್ಲ.”

ಆಗ ಅವಳಿಗೆ ಹದಿನಾಲ್ಕು. ಅಜ್ಜನೇ ದಿನಾ ಕಲಾವಿದರ ಮನೆಗೆ ಬಿಟ್ಟುಬರುತ್ತಿದ್ದರಂತೆ. ಜನ ಬಾಯಿಗೆ ಬಂದಂತೆ ಆಡಿಕೊಂಡರು, ಮದುವೆ ಕೂಡಿಬರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

“ಸಾಯೋದ್ರೊಳಗೆ ಅಲ್ಲಿ ನನ್ನ ಹೆಸರು ಹಾಕಿಸು.”

ಮಾರ್ಚ್ 6, ಮಧ್ಯಾಹ್ನ
ನಿರ್ದೇಶಕರು ಒಪ್ಪಲಿಲ್ಲ. “ಕಲ್ಪನೆಯ ಚಿತ್ರ ಅಂತ ಕಲಾವಿದರೇ ಬರೆದಿಟ್ಟಿದ್ದಾರಮ್ಮಾ. ಮನೆಯವರ ಮಾತು ನಂಬಿ ಹೆಸರು ಹಾಕೋಕಾಗುತ್ತಾ?” ಪ್ರದರ್ಶನಕ್ಕೆ ಉಳಿದಿರುವುದು ನಾಲ್ಕೇ ದಿನ.

ಸ್ಟೂಲಿನ ವಿಷಯ ಹೇಳಿದೆ. ಚಿತ್ರ ದುರಸ್ತಿ ಮಾಡುವ ಮೇಡಂ ತಲೆಯೆತ್ತಿ, “ಬಣ್ಣದ ಕೆಳಗೆ ಮೊದಲು ಏನು ಬರೆದಿದ್ರು ಅಂತ ಎಕ್ಸ್‌ರೇ ತೆಗೆದ್ರೆ ಗೊತ್ತಾಗುತ್ತೆ” ಎಂದರು.

ಮಾರ್ಚ್ 9, ಸೋಮವಾರ
ಶನಿವಾರ ಎಕ್ಸ್‌ರೇ ತೆಗೆದರು. ಬಂಡೆಯ ಬಣ್ಣದ ಕೆಳಗೆ ಸ್ಟೂಲು ಇತ್ತು. ಒಂದು ಕಾಲಿನಡಿ ಮಡಚಿದ ಕಾಗದ! ನಿರ್ದೇಶಕರು ಕನ್ನಡಕ ಒರೆಸಿಕೊಂಡು, “ಹಾಕಿ” ಎಂದರು. ಅಷ್ಟೇ.

ಇವತ್ತು ಚಿತ್ರಶಾಲೆಗೆ ರಜೆ. ಚಿಕ್ಕಮ್ಮನನ್ನು ವೀಲ್‌ಚೇರಿನಲ್ಲಿ ಕರೆತಂದೆ. ಗೋಡೆಯ ಲೇಬಲ್ಲಿನಲ್ಲಿ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. “ಅಕ್ಷರ ಇನ್ನೊಂಚೂರು ದಪ್ಪ ಇರ್ಬೇಕಿತ್ತು” ಎಂದಳು. ಮುಖ ಅರಳಿತ್ತು. ಆಮೇಲೆ ಚಿತ್ರ ನೋಡಿದಳು. ಫೋನಿನಲ್ಲಿ ಬೆರಳಷ್ಟಿತ್ತು; ಇಲ್ಲಿ ಆಳುದ್ದ. ತುಂಬ ಹೊತ್ತು ನೋಡಿದಳು.

“ಅಯ್ಯೋ... ಇಷ್ಟು ಚಿಕ್ಕ ಮಗುವಾ ಇದು?”

ವೀಲ್‌ಚೇರನ್ನು ಚಿತ್ರದ ಇನ್ನಷ್ಟು ಹತ್ತಿರಕ್ಕೆ ತಳ್ಳಿದೆ.

“ಯಾರಾದ್ರೂ ಮನೆಗೆ ಕಳಿಸ್ಬಾರದಿತ್ತಾ ಇದನ್ನ?”

ಅವಳ ಕೈ ಹಿಡಿದುಕೊಂಡೆ. ಅಳು ತಡೆಯಲಾಗಲಿಲ್ಲ.

ಮಾರ್ಚ್ 10, ಬೆಳಿಗ್ಗೆ 6
ಇನ್ನು ನಾಲ್ಕು ತಾಸಿನಲ್ಲಿ ಪ್ರದರ್ಶನದ ಬಾಗಿಲು ತೆರೆಯುತ್ತದೆ. ಹೆಸರೇನೋ ಇದೆ. ಆದರೂ ಲೇಬಲ್ ಸುಳ್ಳು. ಕಾಯುವುದು, ನಾಚುವುದು ಎಲ್ಲ ತೆಗೆದುಹಾಕಿದೆ. ಹೊಸದಾಗಿ ಬರೆಯುತ್ತಿದ್ದೇನೆ.

ಕನ್ನೆ ಎಂದರೆ ಒಂದು ಮಗು. ಅವಳನ್ನು ಯಾರೂ ಮನೆಗೆ—