ಮೌನದ ಮಠದಲ್ಲಿ ನೀರು ಕೇಳಿದ್ದು

ತೊರಪಲ್ಲಿ ಅಗ್ರಹಾರ
೧೧ ಜನವರಿ ೨೦೨೫, ಶನಿವಾರ

ಪ್ರೀತಿಯ ಮೊಮ್ಮಗಳು ಸಿಂಚುಗೆ,

ನಿನ್ನ ತಾತ ಮುತ್ತರಾಯಪ್ಪನ ಆಶೀರ್ವಾದಗಳು. ನಾನೂ ನಿನ್ನ ಅಜ್ಜಿಯೂ ಗಟ್ಟಿಯಾಗಿದ್ದೇವೆ, ಅವಳ ಮಂಡಿಯೊಂದನ್ನು ಬಿಟ್ಟು. ನಿನ್ನ ಆರೋಗ್ಯ ಹೇಗಿದೆ? ಈ ಚಳಿಯಲ್ಲಿ ಕೋಳಿ ಕೂಗುವ ಮುಂಚೆಯೇ ಎಬ್ಬಿಸಿ ಪ್ರಾರ್ಥನೆಗೆ ಕೂರಿಸುತ್ತಾರಂತೆ, ನಿಜವೇ? ಸ್ನಾನಕ್ಕೆ ಬಿಸಿನೀರೋ ತಣ್ಣೀರೋ? ತಣ್ಣೀರಾದರೆ ನಿನ್ನ ಮೂಗು ಕಟ್ಟುತ್ತದೆಂದು ಅವರಿಗೆ ಹೇಳಿದ್ದೀಯೋ ಇಲ್ಲವೋ? ಮುದ್ದೆ ಮಾಡುತ್ತಾರೋ, ಮೂರು ಹೊತ್ತೂ ಅನ್ನವೋ? ಒಂದೊಂದಕ್ಕೂ ಬೇರೆಬೇರೆಯಾಗಿ ಉತ್ತರ ಬರೆ. 'ಎಲ್ಲಾ ಚೆನ್ನಾಗಿದೆ ತಾತ' ಎಂದು ಒಂದೇ ಸಾಲಿನಲ್ಲಿ ಸಾಗಹಾಕಿದರೆ ನಾನು ನಂಬುವವನಲ್ಲ.

ಮೂರು ತಿಂಗಳು ಮಠದ ಒಳಗಿದ್ದು ನೋಡಬೇಕು, ಆಮೇಲೆ ಅವರು ನಿನ್ನನ್ನು ಒಪ್ಪಬೇಕು, ನೀನು ಅವರನ್ನು ಒಪ್ಪಬೇಕು ಎಂದು ನಿನ್ನ ಅಪ್ಪ ವಿವರಿಸಿದ. ಅದು ಸರಿ. ಆದರೆ ಫೋನನ್ನು ಯಾಕೆ ಕಿತ್ತಿಟ್ಟುಕೊಂಡರು? ಒಳಗೆ ಬರುವ ಕಾಗದವನ್ನು ಮೊದಲು ಮಠದ ಯಜಮಾನಿ ದೊಡ್ಡ ತಾಯಿಯವರು ಓದಿ ಆಮೇಲೆ ಕೊಡುತ್ತಾರಂತೆ. ಅದು ಯಾಕೆ? ಮುಚ್ಚಿಡುವುದು ಏನೂ ಇಲ್ಲದ ಮನೆಯಲ್ಲಿ ಇಷ್ಟೊಂದು ಕಾವಲು ಏಕೆಂದು ಕೇಳಿದ್ದಕ್ಕೆ ನಿನ್ನ ಅಪ್ಪ ಚೌರಿರಾಜ್ ನಕ್ಕು, 'ಮಾವ, ನೀವು ದೇವರನ್ನೂ ಇನ್‌ಸ್ಪೆಕ್ಷನ್ ಮಾಡೇ ಒಳಗೆ ಬಿಡೋದು' ಎಂದ. ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದವನು ನಾನು, ಇನ್ನೇನು ಮಾಡಲಿ? (ಓದುತ್ತಿರುವ ದೊಡ್ಡ ತಾಯಿಯವರಿಗೆ ನಮಸ್ಕಾರ. ಕೋಪ ಮಾಡಿಕೊಳ್ಳಬೇಡಿ. ಕೋಪ ಬಂದರೂ ಕಾಗದ ಮಾತ್ರ ಹುಡುಗಿಗೆ ಕೊಡಿ.)

ನನಗೆ ಅನುಮಾನ ಶುರುವಾದದ್ದು ನಿನ್ನ ಆ ಫೋನಿನ ಪರೀಕ್ಷೆಯಿಂದಲೇ. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತು, 'ತಾತ, ನಮ್ಮಲ್ಲಿ ಸಿಸ್ಟರ್‌ಗಳದ್ದು ಬೇಕಾದಷ್ಟು ಸಭೆಗಳಿವೆ. ಯಾರ ಗುಣಕ್ಕೆ ಯಾವ ಸಭೆ ಅಂತ ಇದು ಹೇಳುತ್ತೆ' ಎಂದು ತೋರಿಸಿದೆಯಲ್ಲ. ಶಾಲೆ ನಡೆಸುವವರು ಒಂದು, ಆಸ್ಪತ್ರೆಯವರು ಒಂದು, ಬಡವರ ಕೇರಿಗಳಲ್ಲಿ ಓಡಾಡುವ ಫ್ರಾನ್ಸಿಸ್ಕನ್‌ನವರು ಒಂದು, ಗೋಡೆಯೊಳಗೆ ಸೇರಿ ಜಪಮಾಡುತ್ತಾ ಮಾತೇ ಆಡದೆ ಇರುವ ಕಾರ್ಮೆಲ್‌ನವರು ಒಂದು. ನಮ್ಮಲ್ಲೂ ಮಠಗಳಿಲ್ಲವೇ, ಅದು ನನಗೆ ಅರ್ಥವಾಗುತ್ತದೆ. ನನಗೆ ಅರ್ಥವಾಗದೆ ಹೋದದ್ದು ನಿನ್ನ ಉತ್ತರಗಳು. ಕೋಪ ಬಂದಾಗ ಏನು ಮಾಡುತ್ತೀರಿ ಎಂದು ಅದು ಕೇಳಿತು. ನೀನು 'ಸುಮ್ಮನಿರುತ್ತೇನೆ' ಎಂಬುದನ್ನು ಒತ್ತಿದೆ. ನೀನು! ಚಿಲ್ಲರೆ ಕೊಡದ ಕಂಡಕ್ಟರನ ಜೊತೆ ರಾಯಕೋಟೆಯಿಂದ ಹೊಸೂರು ಬಸ್ ನಿಲ್ದಾಣದವರೆಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಿ, ಇಳಿಯುವಾಗ ಅವನ ಕೈಯಲ್ಲೇ 'ತಪ್ಪಾಯ್ತಮ್ಮಾ' ಎನ್ನಿಸಿದವಳು! ಹತ್ತು ಜನರ ನಡುವೆ ಇರುವುದು ಇಷ್ಟವೋ ಒಂಟಿಯಾಗಿರುವುದೋ ಎಂದು ಕೇಳಿದರೆ 'ಒಂಟಿ'ಯಂತೆ. ನಾನು ಪಕ್ಕದಲ್ಲೇ ಕೂತು 'ಸುಳ್ಳು ಕಣಮ್ಮಾ, ಸುಳ್ಳು' ಎನ್ನುತ್ತಲೇ ಇದ್ದೆ. ಕೊನೆಗೆ ಅದು ಕಾರ್ಮೆಲ್ ಎಂದು ತೀರ್ಪು ಕೊಟ್ಟಿತು. ಅಳತೆ ತಪ್ಪು ಕೊಟ್ಟರೆ ಯಾವ ಗೇಜ್ ತಾನೇ ಸರಿಯಾಗಿ ತೋರಿಸೀತು?

ನೀನು ಆವತ್ತು ಕೊಟ್ಟ ಸಮಜಾಯಿಷಿಯನ್ನೂ ನಾನು ಮರೆತಿಲ್ಲ. 'ಫ್ಯಾಕ್ಟ್ರಿ ಲೈನಲ್ಲಿ ದಿನಾ ಎಂಟ್ ಗಂಟೆ ಕಿರುಚ್ತೀನಿ ತಾತ, ಒಬ್ರೂ ಕೇಳಿಸ್ಕೊಳಲ್ಲ. ಅಲ್ಲಿ ಬಾಯ್ ಮುಚ್ಕಂಡಿದ್ರೂ ಯಾರೋ ಕೇಳಿಸ್ಕೊತಾರೆ ಅನ್ಸುತ್ತೆ' ಎಂದೆ. ಆದರೂ ಅನುಮಾನ ಹೋಗಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಏನಾದರೂ ಅಂದರೇ? ಯಾವನಾದರೂ ಹುಡುಗ ಕೈಕೊಟ್ಟನೇ? ನಿನ್ನ ಗೆಳತಿ ವೆಂಕಟಲಕ್ಷ್ಮಿಯನ್ನು ಆಲಸನತ್ತಂನ ತರಕಾರಿ ಅಂಗಡಿಯ ಮುಂದೆ ಹಿಡಿದು ವಿಚಾರಿಸಿದೆ. ಅವಳು 'ಅಯ್ಯೋ, ಅಂಥದ್ದೇನೂ ಇಲ್ಲ ತಾತ' ಎಂದಳು. ಎಷ್ಟು ಬೇಗ ಹೇಳಿದಳೆಂದರೆ ಅದರ ಮೇಲೂ ನನಗೆ ಅನುಮಾನ ಬಂತು. ಸಿಸ್ಟರ್ ಆಗಬೇಡ ಎಂದು ನಾನು ಯಾವತ್ತೂ ಹೇಳಲಿಲ್ಲ, ಗಮನಿಸು. ಅಜ್ಜಿಯ ಕಣ್ಣು ಕೊಯ್ದ ಆಸ್ಪತ್ರೆಯ ಸಿಸ್ಟರ್‌ಗಳನ್ನು ನೋಡಿದೆಯಲ್ಲ, ರೋಗಿಗಳನ್ನು ಗದರುತ್ತಾ, ನಗುತ್ತಾ, ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿರುತ್ತಾರೆ. ನಿನ್ನ ಗುಣಕ್ಕೆ ಅದು ಒಪ್ಪುತ್ತದೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಕೈಹಿಡಿದು ಕೆಲಸ ಕಲಿಸಿದವಳು, ಶಾಲೆಯವರ ಜೊತೆಗಾದರೂ ಹೋಗಬಹುದಿತ್ತು. ಇದ್ದಬದ್ದದ್ದೆಲ್ಲ ಬಿಟ್ಟು ಬಾಯಿ ಮುಚ್ಚಿಕೊಳ್ಳುವ ಜಾಗವೇ ಬೇಕಿತ್ತೇ?

ಮೌನ ಎಂದರೆ ನನಗೆ ಯಾಕೆ ಹೆದರಿಕೆ ಎಂದು ನಿನಗೆ ಸರಿಯಾಗಿ ಹೇಳಿಲ್ಲ. ನನ್ನ ಅಕ್ಕ ಅಂಜಮ್ಮನನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ, ಹಬ್ಬಕ್ಕೆ ಬಂದರೆ ನಮ್ಮ ಹಿತ್ತಲ ಬಾಗಿಲಲ್ಲಿ ಕೂತು ತಲೆ ಎತ್ತದೆ ಅವರೆಕಾಯಿ ಬಿಡಿಸುತ್ತಿದ್ದಳಲ್ಲ, ಅವಳು. ಮದುವೆಗೆ ಮುಂಚೆ ಅವಳ ಬಾಯಿ ನಿನ್ನ ಬಾಯಿಯೇ. ಕೆರೆಯ ಏರಿ ಮೇಲೆ ನಿಂತು ಕೂಗಿದರೆ ಆಚೆ ದಡದ ದನ ತಿರುಗುತ್ತಿತ್ತು. ನಮ್ಮಪ್ಪ ಗಂಡಿನ ಮನೆ ನೋಡಲು ಹೋಗಿ ಬಾವಿ ನೋಡಿದ, ಎತ್ತು ನೋಡಿದ, ತೆಂಗಿನಮರ ನೋಡಿದ, ಮಾತು ಕೊಟ್ಟು ಬಂದ. ಒಳಗಿದ್ದ ಹೆಂಗಸರ ಮುಖ ನೋಡಲಿಲ್ಲ. ವರ್ಷ ತುಂಬುವುದರೊಳಗೆ ಅಕ್ಕನ ಮಾತು ನಿಂತುಹೋಯಿತು. ಹಬ್ಬಕ್ಕೆ ಬಂದಾಗ ಹೆಂಗಿದ್ದೀಯಕ್ಕಾ ಎಂದು ಕೇಳಿದರೆ 'ಚೆನ್ನಾಗಿವ್ನಿ ಕಣಪ್ಪಾ' ಎನ್ನುವಳು, ಅಷ್ಟೇ. ಅಪ್ಪ ಕೊಟ್ಟ ಮಾತು ಹೋಗಬಾರದೆಂದು ಸಾಯುವವರೆಗೂ ಆ ಮನೆಯಲ್ಲೇ ಇದ್ದಳು. ಅವಳನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ. ಅವತ್ತಿನಿಂದ, ಮಾತಾಡುವ ಹೆಣ್ಣುಮಗಳು ಸುಮ್ಮನಾದರೆ ನನಗೆ ನಿದ್ದೆ ಹತ್ತುವುದಿಲ್ಲ.

ಅದಕ್ಕೇ, ಹೆಣ್ಣು ಕೊಡುವ ಮುಂಚೆ ನೀರು ಕೇಳುವ ನಮ್ಮ ಕಡೆಯ ಪದ್ಧತಿಯನ್ನು ನಾನು ಬಿಟ್ಟವನಲ್ಲ. ಹೇಳಿ ಕಳಿಸಿ ಹೋದರೆ ಎಲ್ಲರ ಮನೆಯೂ ಚೆಂದವೇ. ದಾರಿಹೋಕರ ಹಾಗೆ ಹೋಗಿ ಬಾಗಿಲಲ್ಲಿ ನಿಂತು ಒಂದು ಚೊಂಬು ನೀರು ಕೇಳಬೇಕು. ಯಾರು ತರುತ್ತಾರೆ, ಚೊಂಬು ಬೆಳಗಿದೆಯೋ, ತಂದವಳ ಮುಖ ಹೇಗಿದೆ, ಒಳಗಿನಿಂದ ಯಾರಾದರೂ ಗದರುತ್ತಾರೋ, ಇಷ್ಟು ನೋಡಿಕೊಂಡರೆ ಆ ಮನೆಯ ಸಮಾಚಾರ ತಿಳಿಯುತ್ತದೆ. ನಿಮ್ಮಮ್ಮ ಮಂಗಳಾ ಚರ್ಚಿಗೆ ಹೋಗುವ ಹುಡುಗನೇ ಬೇಕೆಂದು ಹಟ ಹಿಡಿದಾಗ ಊರೆಲ್ಲ ಒಂದೊಂದು ಮಾತಾಡಿತು. ನಾನು ಹೋಗಿ ನೀರು ಕೇಳಿದೆ. ನಿನ್ನ ಅಪ್ಪನ ತಾಯಿ ನೀರಿನ ಜೊತೆ ಬೆಲ್ಲ ತಂದುಕೊಟ್ಟು, ಒಳಗೆ ತಿರುಗಿ ಹಿರಿಸೊಸೆಗೆ 'ಮೊದ್ಲು ನೀನ್ ಕೂತ್ಕಂಡು ಉಣ್ಣವ್ವಾ' ಎಂದರು. ಅವತ್ತೇ ಒಪ್ಪಿಕೊಂಡೆ. ದೇವರು ಯಾರು ಎಂದು ನಾನು ಕೇಳಲಿಲ್ಲ.

ಈಗ ಹೇಳಿಬಿಡುತ್ತೇನೆ. ಕಳೆದ ಗುರುವಾರ ನಾನೂ ಪಕ್ಕದ ಮನೆಯ ವೆಂಕಟೇಶಪ್ಪನೂ ಬಸ್ಸು ಹತ್ತಿ, ಕೃಷ್ಣಗಿರಿ ದಾಟಿ, ನೀನಿರುವ ಮಠದ ಬಾಗಿಲಿಗೆ ಬಂದಿದ್ದೆವು. ನಿನ್ನನ್ನು ನೋಡಲು ಇನ್ನೂ ಬಿಡುವುದಿಲ್ಲವೆಂದು ಗೊತ್ತಿತ್ತು. ನೋಡಲು ಬಂದದ್ದು ನಿನ್ನನ್ನಲ್ಲ, ಮನೆಯನ್ನು. ನಿಜ ಹೇಳಬೇಕೆಂದರೆ, ಒಂದು ಹುಳುಕು ಸಿಕ್ಕಿದರೆ ಸಾಕು, ಸಂಬಂಧ ಮುರಿದು ನಿನ್ನನ್ನು ಕರೆದುಕೊಂಡು ಹೋಗೋಣವೆಂದೇ ಬಂದಿದ್ದೆ. ಗಂಟೆ ಒತ್ತಿದರೆ ಬಾಗಿಲು ತೆಗೆಯಲೇ ಇಲ್ಲ. ಗೋಡೆಯಲ್ಲಿ ಒಂದು ಮರದ ಪೆಟ್ಟಿಗೆ, ಆಚೆಯಿಂದ ತಿರುಗಿಸಿದರೆ ಈಚೆ ಬರುತ್ತದೆ. ಅದರ ಹಿಂದಿನಿಂದ ಒಂದು ವಯಸ್ಸಾದ ದನಿ 'ಯಾರಪ್ಪಾ?' ಎಂದಿತು, ನಮ್ಮ ಕಡೆಯದೇ ಮಾತು. ದಾರಿ ಹೋಗೋರು ತಾಯಿ, ವಸಿ ನೀರು ಕೊಡಿ ಎಂದೆ. ಪೆಟ್ಟಿಗೆ ತಿರುಗಿ ಎರಡು ಲೋಟ ಬಂದವು. ಮುಖವೇ ಇಲ್ಲದೆ ನೀರು ಬಂದರೆ ಏನೆಂದು ಪರೀಕ್ಷೆ ಮಾಡುವುದು? ಲೋಟವನ್ನೇ ತಿರುಗಿಸಿ ನೋಡಿದೆ, ಮೂಸಿದೆ. ಫಳಫಳ ಬೆಳಗಿತ್ತು. ಇಷ್ಟು ಬೆಳಗುವುದಕ್ಕೆ ಯಾರ ಕೈ ಸವೆಸುತ್ತಿದ್ದಾರೋ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ, 'ಲೋಟ ಬೋರಲಾಕಿ ನೋಡಿದ್ದಾಯ್ತಾ, ಮುತ್ತರಾಯಪ್ಪನೋರೇ?' ಎಂದು ಬಂತು. ವೆಂಕಟೇಶಪ್ಪನಿಗೆ ನೀರು ನೆತ್ತಿಗೆ ಹತ್ತಿತು. ಹಿಂದೆ ಇನ್ನಿಬ್ಬರೋ ಮೂವರೋ ಕಿಸಕ್ಕನೆ ನಕ್ಕರು. ನಗುವ ಮನೆ ಎಂದು ಒಂದು ಅಂಕ ಕೊಟ್ಟೆ. ಆದರೆ ಆ ನಗುವಿನಲ್ಲಿ ನಿನ್ನದು ಇರಲಿಲ್ಲ. ನಿನ್ನ ನಗು ನನಗೆ ಗೊತ್ತಾಗದೇ?

ದೊಡ್ಡ ತಾಯಿಯವರೇ ಆ ದನಿ. 'ನಮ್ಮ ತಾತ ಒಂದಿನ ನೀರ್ ಕೇಳ್ಕಂಡು ಬಂದೇ ಬತ್ತಾರೆ ಅಂತ ಬಂದ ದಿನವೇ ಹೇಳಿದ್ಲು' ಎಂದರು. ಆಮೇಲೆ ದನಿ ತಗ್ಗಿಸಿ, 'ಬಂದಿದ್ದು ಒಳ್ಳೇದಾಯ್ತು. ನಮಗೂ ಒಂದು ಅನುಮಾನ ಅದೆ. ಊಟ ಆದ್ಮೇಲೆ ಒಂದೊತ್ತು ಎಲ್ಲರೂ ಮಾತಾಡಬೋದು ಇಲ್ಲಿ. ಆವಾಗ್ಲೂ ಹುಡುಗಿ ಬಾಯಿ ಬಿಡಲ್ಲ. ಮನೇಲೂ ಹಂಗೇನಾ, ಇಲ್ಲಾ ಏನಾದ್ರೂ ನೋವು ನುಂಗ್ಕಂಡು ಬಂದವ್ಳಾ?' ಎಂದು ಕೇಳಿದರು. ಹೆಣ್ಣಿನ ಗುಣ ಹೇಗೆ ಎಂದು ಎದುರಿನವರು ಕೇಳಿದ್ದೇ ತಡ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. 'ಮನೇಲೂ ಹಂಗೇ ತಾಯಿ, ಬಾಯಿ ಐತೋ ಇಲ್ವೋ ಅನ್ನಂಗೆ. ನಮ್ಮ ಹುಡುಗಿ ಅಪರಂಜಿ' ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ, ತಗ್ಗಿಸಿದ ತಲೆ ಎತ್ತೋಳಲ್ಲ, ಎದುರು ಮಾತಾಡೋಳಲ್ಲ ಎಂದು ನಿಮ್ಮಮ್ಮನನ್ನು ನೋಡಲು ಬಂದವರಿಗೆ ಹೇಳಿದ್ದನ್ನೆಲ್ಲ ಒಪ್ಪಿಸಿದೆ. 'ಹಂಗಾದ್ರೆ ಸರಿ ಬುಡಿ, ನಮ್ಮ ಭಯ ಕಳೀತು' ಎಂದರು ತಾಯಿಯವರು. ಅಜ್ಜಿ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿಪುಡಿಯನ್ನು ಪೆಟ್ಟಿಗೆಯಲ್ಲಿಟ್ಟು, ಎದೆ ಉಬ್ಬಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸು ಹತ್ತಿದ ಮೇಲೆ ವೆಂಕಟೇಶಪ್ಪ, 'ಏನ್ಲಾ ಮುತ್ತಾ, ಕೆಡಿಸೋಕೆ ಬಂದೋನು ಕುದುರಿಸಿ ಹೋಗ್ತಾ ಇದ್ದೀಯಲ್ಲೋ' ಎಂದು ನಕ್ಕ. ಮನೆಯ ಹೆಣ್ಣುಮಗಳನ್ನು ಎದುರಿನವರ ಮುಂದೆ ಯಾರಾದರೂ ಹಳಿಯುತ್ತಾರೇನೋ ಎಂದು ಅವನ ಬಾಯಿ ಮುಚ್ಚಿಸಿದೆ.

ಮಿಕ್ಕಂತೆ ವಿಶೇಷವಿಲ್ಲ. ನಮ್ಮ ತೋಟದ ಗುಲಾಬಿ ಈ ಸಲ ಚೆನ್ನಾಗಿ ಬಿಟ್ಟಿದೆ. ಅಜ್ಜಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ನಿನ್ನ ಹೆಸರು ಹೇಳುತ್ತಾಳೆ, ಆಮೇಲೆ ಕೊಬ್ಬರಿ ಕಣ್ಣಿಗೆ ಹಾರಿತೆನ್ನುತ್ತಾಳೆ. ಮಂಗಳಾ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ನಿನ್ನ ಅಪ್ಪ ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬೀಗುತ್ತಿದ್ದಾನೆ. ನಿನಗೆ ಹಿರಿಯರ, ದೇವರ, ನಿನ್ನ ಮೇರಿಮಾತೆಯ ಆಶೀರ್ವಾದವಿರಲಿ. ಒಳಗಿರುವ ತಾಯಂದಿರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ ತಾತ,
ಮುತ್ತರಾಯಪ್ಪ

ಮ.ವಿ.: ಕವರಿಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ದೊಡ್ಡ ತಾಯಿಯವರೇ, ಕಾಗದವನ್ನು ನೀವು ಮೊದಲು ಓದುತ್ತೀರೆಂದು ಗೊಣಗಿದ್ದೆ. ದಯವಿಟ್ಟು ಇದನ್ನು ನೀವೇ ಮೊದಲು ಓದಿ. ನಾನು ಗೋಡೆಯ ಮುಂದೆ ನಿಂತು ಹೇಳಿದ್ದು ಅಷ್ಟೂ ಸುಳ್ಳು. ನಮ್ಮ ಹುಡುಗಿ ಬಾಯಿಬಡುಕಿ, ಜಗಳಗಂಟಿ, ನಿದ್ದೆಯಲ್ಲೂ ವಾದ ಮಾಡುವವಳು. ಅವಳು ಮಾತಾಡುವ ಹೊತ್ತಿನಲ್ಲೂ ಸುಮ್ಮನಿದ್ದಾಳೆಂದರೆ ನಿಮ್ಮ ಅನುಮಾನವೇ ಸರಿ, ಹತ್ತಿರ ಕೂರಿಸಿಕೊಂಡು ಕೇಳಿ. ಸಿಂಚು, ನಾನು ಹೊಗಳಿದೆನೆಂದು, ತಾತನ ಮಾತು ಹೋಗಬಾರದೆಂದು ಅಲ್ಲಿ ಒಂದು ದಿನವೂ ಇರಬೇಡ. ಅಲ್ಲಿ ಸುಖವಿದ್ದರೆ ಇರು, ನಾನು ತಡೆಯುವುದಿಲ್ಲ. ಉತ್ತರ ಬರೆಯುವಾಗ ನನ್ನ ಜೊತೆ ಒಂದು ಜಗಳವಾದರೂ ಆಡು, ಮಠಕ್ಕೆ ಕದ್ದು ಬಂದದ್ದಕ್ಕೆ ಚೆನ್ನಾಗಿ ಬೈ. ನೀನು 'ಚೆನ್ನಾಗಿದ್ದೀನಿ ತಾತ' ಎಂದಷ್ಟೇ ಬರೆದರೆ ಮಾರನೆಯ ದಿನದ ಮೊದಲ ಬಸ್ಸಿಗೇ ಬರುತ್ತೇನೆ. ಈ ಸಲ ನೀರು ಕೇಳುವುದಿಲ್ಲ.