ಹೊಲಿಗೆಯೊಳಗಿನ ಬಟ್ಟೆ

ಅಪ್ಪನಿಗೆ ನಮಸ್ಕಾರ,

ವಿಶ್ವವಿದ್ಯಾಲಯದ ಕ್ರಿಕೆಟ್ ತಂಡಕ್ಕೆ ನಾನು ಆಯ್ಕೆಯಾದಾಗ ನೀವು ಹೊಲಿದುಕೊಟ್ಟ ಬಿಳಿ ಪ್ಯಾಂಟನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. "ಮೂರು ವರ್ಷ ಆಡೋಳು, ದಪ್ಪ ಆಗೇ ಆಗ್ತೀಯ, ಒಳಗೆ ಒಂದಿಂಚು ಬಟ್ಟೆ ಬಿಟ್ಟಿದೀನಿ" ಅಂದಿದ್ದಿರಿ. ಆಡಿದ್ದು ಮೂರೇ ಪಂದ್ಯ. ಮೂರನೆಯದರಲ್ಲಿ ಕ್ಯಾಚ್ ಹಿಡಿಯಲು ಹಾರಿ ಬಿದ್ದಾಗ ಬಲ ಮಂಡಿ ಹೋಯಿತು. ಕ್ಯಾಚ್ ಮಾತ್ರ ಬಿಡಲಿಲ್ಲ. ಇನ್ನು ಓಡುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅಮ್ಮನಿಗೆ ನೀವೇ ನಿಧಾನವಾಗಿ ತಿಳಿಸಿ.

ಈಗ ಕೆಲಸದ ಮಾತು. ಬಲ ಮಂಡಿಯ ಹತ್ತಿರ ಹೊಲಿಗೆ ಬಿಚ್ಚಿ ಸಡಿಲ ಮಾಡಿ. ಒಳಗೆ ಪಟ್ಟಿ ಕಟ್ಟಿಕೊಳ್ಳಬೇಕು. ಆಮೇಲೆ ಪೂರ್ತಿ ಕಪ್ಪು ಬಣ್ಣ ಹಾಕಿಸಿ, ಹುಲ್ಲಿನ ಕಲೆ ಎಷ್ಟು ಒಗೆದರೂ ಹೋಗಿಲ್ಲ. ಬಲಗಡೆಯ ಜೇಬು ಆಳವಾಗಿರಲಿ, ಎಸೆತ ಎಣಿಸುವ ಆರು ಕಲ್ಲು ಅದರಲ್ಲಿ ಹಿಡಿಸಬೇಕು. ಅಂಪೈರ್ ಪರೀಕ್ಷೆ ಪಾಸಾಗಿದ್ದೇನೆ. ಮುಂದಿನ ಭಾನುವಾರ ಮೊದಲ ಪಂದ್ಯ.

"ಹೋಗ್ಲಿ ಬಿಡು, ಮನೆಗೆ ಬಾ" ಎಂದು ಮಾತ್ರ ಬರೆಯಬೇಡಿ. ಉಳಿದ ಕಡೆ ಒಳಗಿರುವ ಬಟ್ಟೆಯನ್ನು ಕತ್ತರಿಸಲೂ ಬೇಡಿ. ಅಂಪೈರುಗಳು ತಲೆ ನರೆಯುವವರೆಗೂ ಮೈದಾನದಲ್ಲಿ ನಿಂತಿರುತ್ತಾರೆ. ಅಷ್ಟರಲ್ಲಿ ನಾನು ದಪ್ಪ ಆಗೇ ಆಗುತ್ತೇನೆ.

ನಿಮ್ಮ ಮಗಳು