ಗವಾಕ್ಷಿಗೆ ಕದವಿಲ್ಲ, ಸ್ವಾಮಿ

ನಗರದ ಗಾಳಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ತಮ್ಮ ಒಂದು ಸಾಲಿನ ಅಪ್ಪಣೆಯನ್ನು ಕಣ್ಣು ಮುಚ್ಚಿ ಪಾಲಿಸಿದ್ದರಿಂದ ನನ್ನ ಹೆಂಡತಿ ಗೋದಾ ಆಸ್ಪತ್ರೆ ಸೇರಬೇಕಾಯಿತು. ಅದನ್ನು ತಮಗೆ ತಿಳಿಸದಿದ್ದರೆ ಕೃತಘ್ನನಾಗುತ್ತೇನೆ.

ಕಳೆದ ಮಾರ್ಚ್‌ನಲ್ಲಿ ಊರಾಚೆಯ ಗುಡ್ಡದ ಕಾಡಿಗೆ ಬಿದ್ದ ಬೆಂಕಿ ನಾಲ್ಕು ದಿನ ಉರಿಯಿತು. ಹೊಗೆ ಚಾಮರಾಜಪೇಟೆಯ ನಮ್ಮ ಬೀದಿಯವರೆಗೂ ಬಂತು. ಹಿಂದೆಯೇ ಮೊಬೈಲಿಗೆ ತಮ್ಮ ಸಂದೇಶ: ಕಿಟಕಿ ಬಾಗಿಲು ಮುಚ್ಚಿ, ಏರ್ ಪ್ಯೂರಿಫೈಯರ್ ಬಳಸಿ. ನಮ್ಮದು ಹಳೆಯ ಹೆಂಚಿನ ಮನೆ. ಗಾಳಿಯಾಡಲೆಂದೇ ಸೂರಿನ ಕೆಳಗೆ ಆರು ಗವಾಕ್ಷಿ ಬಿಟ್ಟಿದ್ದಾರೆ. ಜಾಲರಿ ಉಂಟು, ಕದವಿಲ್ಲ. ಇಂಥ ಮನೆಗಳೂ ಈ ಊರಿನಲ್ಲಿವೆಯೆಂಬುದು ತಮ್ಮ ಗಮನಕ್ಕೆ ಬಂದಿಲ್ಲವೇ? ಅಥವಾ ಬೆಂಗಳೂರೆಂದರೆ ತಮ್ಮ ಎ.ಸಿ. ಕೊಠಡಿ ಮಾತ್ರ ಎಂದು ಸುತ್ತೋಲೆಯೇನಾದರೂ ಹೊರಟಿದೆಯೇ?

ಗೋದಾಗೆ ಇಪ್ಪತ್ತು ವರ್ಷದಿಂದ ಉಬ್ಬಸ. ಪ್ಯೂರಿಫೈಯರ್ ಕೊಳ್ಳುವ ಶಕ್ತಿ ನಮಗಿಲ್ಲ. ಹೆದರಿ ಏಣಿ ಹತ್ತಿದೆ. ಆರೂ ಗವಾಕ್ಷಿಗೆ ಹಳೆಯ ದುಪ್ಪಟಿ ತುರುಕಿದೆ, ಕಿಟಕಿಗಳ ಸಂದಿಗೆ ಟೇಪು ಅಂಟಿಸಿದೆ. ಮಧ್ಯಾಹ್ನಕ್ಕೆ ಮನೆ ಕಾದ ಬಾಣಲೆಯಾಯಿತು. ಒಳಗೆ ಗ್ಯಾಸ್ ಒಲೆ ಉರಿಯುತ್ತಿತ್ತು, ದೇವರ ಮುಂದೆ ಊದುಬತ್ತಿ.

"ರೀ, ಒಂದು ಕಿಟಕಿನಾದ್ರೂ ತೆಗೀರಿ, ಉಸಿರು ಕಟ್ತಿದೆ" ಎಂದಳು ಗೋದಾ.

"ಸರ್ಕಾರದೋರು ಬೇಡ ಅಂದಿದಾರೆ ಕಣೇ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನ ಮಾತು ಇದು.

ಆದರೂ ಮನಸ್ಸು ತಡೆಯದೆ ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಮನೆ ಮುಚ್ಚಿದ ಮೇಲೆ ಒಲೆ ಹಚ್ಚಬಹುದೇ ಎಂದು ಕೇಳಿದೆ.

"ಮೆಸೇಜಲ್ಲಿ ಇರೋದನ್ನ ಫಾಲೋ ಮಾಡಿ ಸರ್" ಎಂದಿತು ಒಂದು ಹೆಣ್ಣು ದನಿ. "ಅಡುಗೆಮನೆ ವಿಷಯ ನಮ್ಮ ವ್ಯಾಪ್ತಿಗೆ ಬರಲ್ಲ."

ಸಂಜೆಗೆ ಗೋದಾ ಎರಡು ಪದ ಒಟ್ಟಿಗೆ ಆಡಲಾರದಾದಳು. ಆಟೋದಲ್ಲಿ ನನ್ನ ತೋಳು ಹಿಡಿದವಳ ಉಗುರು ಚರ್ಮಕ್ಕೆ ನಾಟಿತ್ತು. ಆಸ್ಪತ್ರೆಯಲ್ಲಿ ಡಾಕ್ಟರ್ ರುದ್ರಾಣಿ ಅವಳ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿ ನನ್ನತ್ತ ತಿರುಗಿ, ನಡೆದದ್ದೆಲ್ಲ ಕೇಳಿ ತಿಳಿದರು. "ಹೊರಗಿನ ಹೊಗೆ ಸಾಲ್ದು ಅಂತ ಒಳಗೂ ಮಾಡ್ಕೊಂಡ್ರಾ, ಮೇಷ್ಟ್ರೇ?" ನಾನು ತಲೆ ತಗ್ಗಿಸಿದೆ. ತಗ್ಗಿಸಬೇಕಾದ ಇನ್ನೊಂದು ತಲೆ ಅಲ್ಲಿರಲಿಲ್ಲ. ಮರುದಿನ, ಅವಳಿನ್ನೂ ಆಕ್ಸಿಜನ್‌ನಲ್ಲಿರುವಾಗ, ನಗರದ ಗಾಳಿ 'ಸಮಾಧಾನಕರ'ವಾಗಿದೆಯೆಂದು ತಮ್ಮ ಪ್ರಕಟಣೆ ಬಂತು. ಸಮಾಧಾನ ಯಾರಿಗಾಯಿತು, ಸ್ವಾಮಿ? ಕಚೇರಿಯ ತಾರಸಿ ಮೇಲೆ ಗಾಳಿ ಅಳೆಯುವ ಯಂತ್ರಕ್ಕೋ?

ಐದನೆಯ ದಿನ ಮನೆಗೆ ಕರೆತಂದೆ. ದುಪ್ಪಟಿಗಳನ್ನು ನಾನೇ ಕಿತ್ತೆ. ಅವಳು ಕೆಳಗೆ ಕೂತು ನೋಡುತ್ತಿದ್ದಳು.

ಮುಂದಿನ ಬೇಸಿಗೆಯೊಳಗೆ ವಾರ್ಡಿಗೊಂದು ಶುದ್ಧಗಾಳಿಯ ಕೋಣೆ ತೆರೆಯಿರಿ. ಉಬ್ಬಸದವರು ಹೊಗೆ ಕರಗುವ ತನಕ ಅಲ್ಲಿ ಕೂರಲಿ. ಮನೆಯನ್ನು ಯಾವ ಹೊತ್ತು ಮುಚ್ಚಬೇಕು, ಯಾವ ಹೊತ್ತು ತೆರೆಯಬೇಕು, ಒಳಗೆ ಏನು ಉರಿಸಬಾರದು ಎಂದು ಬಿಡಿಸಿ ಹೇಳಿ. ಅದನ್ನು ಬರೆಯುವ ಮುನ್ನ ನಮ್ಮ ಮನೆಗೆ ಬಂದು ಒಂದು ಮಧ್ಯಾಹ್ನ ಕೂತುಹೋಗಿ. ಹೆದರಬೇಡಿ. ಗೋದಾ ಕಾಫಿ ಕೊಡುತ್ತಾಳೆ. ತಮ್ಮನ್ನು ಬೈಯುವಷ್ಟು ಉಸಿರು ಅವಳಿಗೆ ಇನ್ನೂ ಬಂದಿಲ್ಲ.

ಇಂತಿ,
ಹೇಳಿದ್ದನ್ನು ಕೇಳಿ ಕೆಟ್ಟ
ವೆಂಕಟಾಚಲ, ಚಾಮರಾಜಪೇಟೆ